ಅಂಟುಚಿತ್ರ

ವೈಶಾಖ ಮಾಸವು ಬಂದಿತೆಂದರೆ ನಮ್ಮ ಮನೆಗಳಿಗೆ ಲಗ್ನಪತ್ರಿಕೆಗಳು ಒಂದರ ಹಿಂದೊಂದಾಗಿ ಬರತೊಡಗುವುವು. ಕುಂಕುಮವರ್ಣದ ಹೊದಿಕೆ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ಅಚ್ಚಾದ ಗಣಪತಿ, ಒಳಗೆ ಅರಿಸಿನದ ಬಣ್ಣದ ದಪ್ಪ ಕಾಗದ. ಇಷ್ಟು ವೈಭವದಿಂದ ಬಂದ ಪತ್ರಿಕೆಯು ಮುಹೂರ್ತದ ದಿನದವರೆಗೆ ಗೋಡೆಯ ಮೊಳೆಯಲ್ಲಿ ತೂಗಿದ್ದು, ಮಾರನೆಯ ದಿನ ಹಳೆಯ ಕಾಗದದ ಕಟ್ಟಿಗೆ ಸೇರಿಹೋಗುವುದು. ಚಹದ ಪೊಟ್ಟಣದೊಳಗಿನ ಬೆಳ್ಳಿಯಂಥ ಹಾಳೆ, ಬೆಂಕಿಪೆಟ್ಟಿಗೆಯ ಮೇಲಿನ ಚೀಟಿ, ದರ್ಜಿಯು ರವಿಕೆಯ ಜೊತೆಯಲ್ಲಿ ಕಟ್ಟಿಕೊಟ್ಟ ಬಟ್ಟೆಯ ಚೂರು, ಔಷಧದ ಪೆಟ್ಟಿಗೆ, ಹಳೆಯ ಪಂಚಾಂಗದ ರಕ್ಷಾಪತ್ರ, ಇವುಗಳ ಗತಿಯೂ ಇದೇ. ಕೆಲಸ ಮುಗಿದ ಪದಾರ್ಥವು ಕಸವೆಂದು ನಾವು ಎಣಿಸಿಬಿಟ್ಟಿರುವೆವು. ಅದಕ್ಕೆ ಬಣ್ಣವೊಂದು ಉಂಟು, ಮೈಯೊಂದು ಉಂಟು, ನಯವೋ ಒರಟೋ ಆದ ಸ್ವಭಾವವೊಂದು ಉಂಟು ಎಂಬುದು ಅದು ಉಪಯೋಗದಲ್ಲಿರುವಷ್ಟು ಕಾಲವೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಉಪಯೋಗವು ತೀರಿದ ಮೇಲೆ ನೋಡುವ ವ್ಯವಧಾನವಿರುವುದಿಲ್ಲ.

ಇಂಥ ಚೂರುಗಳನ್ನು ಆಯ್ದು, ದಪ್ಪ ಕಾಗದದ ಮೇಲೋ ಹಲಗೆಯ ಮೇಲೋ ಜೋಡಿಸಿ ಅಂಟಿಸಿ ಮಾಡುವ ಚಿತ್ರಕ್ಕೆ ಫ್ರೆಂಚರು ‘ಕೊಲಾಜ್’ ಎಂದು ಹೆಸರಿಟ್ಟಿರುವರು. ಅಂಟಿಸುವುದೆಂಬ ಅರ್ಥವುಳ್ಳ ಅವರ ಕ್ರಿಯಾಪದವನ್ನು ‘ಕೊಲೆ’ ಎಂದು ಉಚ್ಚರಿಸುವರು. ಕನ್ನಡದ ಕಿವಿಗೆ ಆ ಮಾತು ಅಮಂಗಳವಾಗಿ ಕೇಳಿಸಿದರೂ ಕೆಲಸವು ಮಾತ್ರ ನಿರಪಾಯವಾದದ್ದು. ನಾವು ಇಲ್ಲಿ ಅದನ್ನು ಅಂಟುಚಿತ್ರವೆಂದೇ ಕರೆಯುವೆವು.

ಹೆಸರು ಹೊರಗಿನದಾದರೂ ಕೆಲಸವು ನಮ್ಮ ಮನೆಗಳಿಗೆ ತೀರ ಹೊಸದಲ್ಲ. ಉತ್ತರ ಕರ್ನಾಟಕದ ಕೌದಿಯನ್ನು ನೋಡಿದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಹರಿದ ಸೀರೆ, ಸವೆದ ಧೋತರ, ಮಗುವಿನ ಅಂಗಿ ಎಲ್ಲವೂ ಅಲ್ಲಿ ಚೌಕವಾಗಿ, ಪಟ್ಟಿಯಾಗಿ ಒಂದರ ಪಕ್ಕದಲ್ಲೊಂದು ಕುಳಿತು, ದಾರದ ಸಾಲುಗಳಿಂದ ಒಂದೇ ಹೊದಿಕೆಯಾಗುವುವು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಗಳ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ನಾಲ್ಕು ಮೂಲೆಗಳಲ್ಲಿಯೂ ‘ಫೂಲ’ ಎಂಬ ಮಡಿಕೆಯ ತುಂಡುಗಳು ಇರಲೇಬೇಕು. ಅವಿಲ್ಲದ ಕೌದಿಯನ್ನು ಅವರು ಮುಗಿದ ಕೆಲಸವೆಂದು ಒಪ್ಪುವುದಿಲ್ಲ. ರವಿವರ್ಮನ ಮುದ್ರಣಾಲಯವು ೧೮೯೪ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ಅಲ್ಲಿಯ ಕಲ್ಲಚ್ಚಿನ ಲಕ್ಷ್ಮೀ ಸರಸ್ವತಿಯರು ಮನೆಮನೆಗೂ ಬಂದಮೇಲೆ, ಗೃಹಿಣಿಯರು ಆ ಪಟಗಳನ್ನು ಬಂದ ಹಾಗೆಯೇ ಇರಗೊಡಲಿಲ್ಲ. ದೇವಿಯ ಸೀರೆಗೆ ನಿಜವಾದ ರೇಷ್ಮೆಯ ತುಂಡನ್ನು ತೊಡಿಸಿ, ಅಂಚಿಗೆ ಜರಿಯನ್ನು ಕೂಡಿಸಿ, ಒಡವೆಗಳ ಮೇಲೆ ಮಣಿಗಳನ್ನೂ ಚಮಕಿಯನ್ನೂ ಕೂರಿಸಿದರು. ಮುಖವನ್ನೂ ಕೈಗಳನ್ನೂ ಮಾತ್ರ ಅಚ್ಚಿನವನಿಗೆ ಬಿಟ್ಟು, ಉಳಿದುದನ್ನು ತಮ್ಮದಾಗಿ ಮಾಡಿಕೊಂಡ ಇಂಥ ಪಟಗಳನ್ನು ಈಗ ಸಂಗ್ರಾಹಕರು ಆಸೆಯಿಂದ ಹುಡುಕುತ್ತಿರುವರು. ಅವುಗಳನ್ನು ಮಾಡಿದವರ ಹೆಸರು ಹೆಚ್ಚಾಗಿ ಯಾರಿಗೂ ತಿಳಿದಿಲ್ಲ.

ಯೂರೋಪಿನ ಚಿತ್ರಕಾರರು ಈ ಕೆಲಸವನ್ನು ಕೈಗೆತ್ತಿಕೊಂಡುದು ೧೯೧೨ರಲ್ಲಿ. ಆ ವರ್ಷದ ಮೇ ತಿಂಗಳಿನಲ್ಲಿ ಪಿಕಾಸೋ ಎಂಬಾತನು ಅಂಡಾಕಾರದ ಒಂದು ಚಿತ್ರದೊಳಗೆ ಬೆತ್ತದ ಹೆಣಿಗೆಯಂತೆ ಅಚ್ಚಾಗಿದ್ದ ಮೇಣಬಟ್ಟೆಯ ತುಂಡನ್ನು ಅಂಟಿಸಿ, ಚೌಕಟ್ಟಿನ ಬದಲಾಗಿ ಸುತ್ತಲೂ ಹಗ್ಗವನ್ನು ಕಟ್ಟಿದನು. ಸೆಪ್ಟೆಂಬರಿನಲ್ಲಿ ಆತನ ಸ್ನೇಹಿತನಾದ ಬ್ರಾಕ್ ಎಂಬಾತನು ಆವಿನ್ಯೋಂ ಪಟ್ಟಣದ ಅಂಗಡಿಯಲ್ಲಿ ಓಕ್ ಮರದ ಎಳೆಗಳಂತೆ ಅಚ್ಚಾಗಿದ್ದ ಗೋಡೆಕಾಗದವನ್ನು ಕಂಡು, ಕೊಂಡು ತಂದು, ಕತ್ತರಿಸಿ ಅಂಟಿಸಿ, ಅದರ ಮೇಲೆ ಇದ್ದಲಿನಿಂದ ಹಣ್ಣಿನ ತಟ್ಟೆಯೊಂದನ್ನು ಬರೆದನು. ಜರ್ಮನಿಯ ಹ್ಯಾನೋವರಿನ ಕುರ್ತ್ ಶ್ವಿಟರ್ಸ್ ಎಂಬಾತನಂತೂ ೧೯೧೯ರಿಂದ ಮುಂದೆ ಟ್ರಾಮಿನ ಟಿಕೀಟುಗಳನ್ನೂ ಹರಿದ ಲಕ್ಕೋಟೆಗಳನ್ನೂ ಬೀದಿಯಿಂದ ಹೆಕ್ಕಿ ತಂದು ಚಿತ್ರಗಳನ್ನು ಮಾಡಿದನು. ಒಂದು ಜಾಹೀರಾತಿನ ‘ಕೊಮರ್ಜ್’ ಎಂಬ ಮಾತಿನಲ್ಲಿ ಕತ್ತರಿಗೆ ಸಿಕ್ಕಿ ಉಳಿದ ‘ಮರ್ಜ್’ ಎಂಬ ತುಂಡನ್ನೇ ತನ್ನ ಕಲೆಗೆಲ್ಲ ಹೆಸರಾಗಿ ಇಟ್ಟುಕೊಂಡನು. ಇವರ ವಾದಗಳು ಹಲವಾರು. ಅವುಗಳಿಗೆ ಇಲ್ಲಿ ಕಾಲವಿಲ್ಲ. ಮನೆಯಲ್ಲಿ ಕತ್ತರಿಯನ್ನು ಹಿಡಿದು ಕುಳಿತವರಿಗೆ ಇವರಿಗಿಂತ ಹೆಚ್ಚು ಧೈರ್ಯವನ್ನು ಕೊಡತಕ್ಕವರು ಬೇರೆ ಮೂವರಿರುವರು. ಕುಂಚವು ಕೈಬಿಟ್ಟಾಗ, ಅಥವಾ ಕುಂಚದ ಹಂಗೇ ಇಲ್ಲದೆ, ಕತ್ತರಿಯಿಂದ ಕೆಲಸ ಮಾಡಿದವರು ಇವರು.

ಮೊದಲನೆಯವಳು ಪಿಕಾಸೋ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ಇಂಗ್ಲೆಂಡಿನಲ್ಲಿದ್ದ ಮೇರಿ ಡಿಲೇನಿ ಎಂಬ ವೃದ್ಧೆ. ೧೭೦೦ರಲ್ಲಿ ಹುಟ್ಟಿದ ಈಕೆಗೆ ೧೭೬೮ರಲ್ಲಿ ಪತಿವಿಯೋಗವಾಯಿತು. ದುಃಖದಲ್ಲಿದ್ದ ಆಕೆಯು ಪೋರ್ಟ್‌ಲೆಂಡಿನ ಡಚೆಸ್ ಎಂಬ ಗೆಳತಿಯ ಮನೆಯಲ್ಲಿ ಬಹುಕಾಲ ಕಳೆಯುತ್ತಿದ್ದಳು. ಸುಮಾರು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ದಿನ, ಮೇಜಿನ ಮೇಲಿದ್ದ ಕೆಂಪು ಕಾಗದದ ಚೂರಿಗೂ ಹತ್ತಿರದಲ್ಲಿದ್ದ ಜಿರೇನಿಯಂ ಹೂವಿನ ಎಸಳಿಗೂ ಬಣ್ಣವು ಒಂದೇ ಆಗಿರುವುದು ಆಕೆಯ ಕಣ್ಣಿಗೆ ಬಿತ್ತು. ಕತ್ತರಿಯನ್ನು ತೆಗೆದುಕೊಂಡು ಎಸಳುಗಳನ್ನು ಕತ್ತರಿಸಿ ಜೋಡಿಸಿದಳು. ಒಳಗೆ ಬಂದ ಗೆಳತಿಯು ಅದನ್ನು ನಿಜವಾದ ಹೂವೆಂದೇ ಭ್ರಮಿಸಿದಳೆಂದು ಕಥೆ ಹೇಳುವರು. ಅಲ್ಲಿಂದ ಮುಂದೆ ಹತ್ತು ವರ್ಷಗಳ ಕಾಲ ಆಕೆಯು ಹೂಗಿಡಗಳನ್ನು ಮುಂದಿಟ್ಟುಕೊಂಡು, ಮೊದಲು ರೇಖೆಯನ್ನೂ ಬರೆದುಕೊಳ್ಳದೆ, ಎಸಳು, ಕೇಸರ, ಎಲೆಯ ನರ ಎಲ್ಲವನ್ನೂ ಕಾಗದದಲ್ಲಿಯೇ ಕತ್ತರಿಸಿ, ಕಪ್ಪು ಬಳಿದ ಹಾಳೆಯ ಮೇಲೆ ಅಂಟಿಸಿದಳು. ಒಂದೊಂದು ಹೂವಿಗೆ ಇನ್ನೂರಕ್ಕೂ ಮಿಕ್ಕ ಚೂರುಗಳಿರುವುದುಂಟು. ಸಾವಿರವನ್ನು ಮುಟ್ಟಿಸಬೇಕೆಂಬ ಹಂಬಲವಿದ್ದರೂ ೧೭೮೨ರಲ್ಲಿ ದೃಷ್ಟಿಯು ಮಂದವಾಗಿ ಕೈಯನ್ನು ನಿಲ್ಲಿಸಬೇಕಾಯಿತು. ಆಗ ಆಗಿದ್ದುವು ೯೮೫. ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಗಿಡದ ಜಾತಿಯನ್ನು ಗುರುತಿಸುವಷ್ಟು ನಿಖರವಾಗಿವೆ. ಇದಕ್ಕೆ ಆಕೆಗೆ ಬೇಕಾದದ್ದು ಕತ್ತರಿ, ಕಾಗದ, ಅಂಟು. ಇವುಗಳ ಜೊತೆಗೆ ಒಂದು ಹೂವನ್ನು ಬಹಳ ಹೊತ್ತು ನೋಡುವ ತಾಳ್ಮೆ.

ಎರಡನೆಯವನು ಫ್ರಾನ್ಸಿನ ಹೆನ್ರಿ ಮತೀಸ್. ೧೯೪೧ರಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಆತನಿಗೆ ಬಹಳ ಹೊತ್ತು ನಿಂತು ಬಣ್ಣ ಹಚ್ಚುವುದು ಅಸಾಧ್ಯವಾಯಿತು. ಸಹಾಯಕರು ಕಾಗದಗಳಿಗೆ ಬಣ್ಣ ಬಳಿದುಕೊಡುವರು. ಆತನು ಹಾಸಿಗೆಯಲ್ಲಿಯೋ ಗಾಲಿಕುರ್ಚಿಯಲ್ಲಿಯೋ ಕುಳಿತು ದೊಡ್ಡ ಕತ್ತರಿಯಿಂದ ಆಕಾರಗಳನ್ನು ಕತ್ತರಿಸುವನು. ಅವರು ಅವುಗಳನ್ನು ಗುಂಡುಸೂಜಿಯಿಂದ ಗೋಡೆಗೆ ಚುಚ್ಚುವರು. ಆತನು ಬೆರಳು ತೋರಿಸಿ, ಈ ತುಂಡನ್ನು ಮೇಲಕ್ಕೆ, ಆ ತುಂಡನ್ನು ಎಡಕ್ಕೆ ಎಂದು ಕದಲಿಸುತ್ತಿರುವನು. ೧೯೪೭ರಲ್ಲಿ ಪ್ರಕಟವಾದ ‘ಜಾಸ್’ ಎಂಬ ಪುಸ್ತಕದ ಇಪ್ಪತ್ತು ಚಿತ್ರಫಲಕಗಳು ಹೀಗೆ ಕತ್ತರಿಯಿಂದಲೇ ಹುಟ್ಟಿದುವು. ೧೯೫೩ರ ‘ಬಸವನಹುಳು’ ಎಂಬ ಚಿತ್ರವು ಸುಮಾರು ಮೂರು ಮೀಟರು ಚೌಕವಾಗಿದ್ದು, ಅದರಲ್ಲಿರುವುದು ಸುರುಳಿಯಾಗಿ ಸುತ್ತಿಕೊಂಡ ಕೆಲವೇ ಬಣ್ಣದ ತುಂಡುಗಳು. ಮರುವರ್ಷ ಆತನು ತೀರಿಕೊಂಡನು.

ಮೂರನೆಯವರು ಶಾಂತಿನಿಕೇತನದ ವಿನೋದವಿಹಾರಿ ಮುಖರ್ಜಿಯವರು. ಹುಟ್ಟಿನಿಂದಲೂ ಅವರ ದೃಷ್ಟಿ ದುರ್ಬಲವಾದದ್ದು. ಅಂಥ ದೃಷ್ಟಿಯಿಂದಲೇ ೧೯೪೬-೪೭ರಲ್ಲಿ ಅಲ್ಲಿಯ ಹಿಂದೀ ಭವನದ ಗೋಡೆಗಳ ಮೇಲೆ ಸಂತರ ಚರಿತ್ರೆಯನ್ನು ಬರೆದವರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯು ಫಲಿಸದೆ, ೧೯೫೭ರ ಸುಮಾರಿಗೆ, ಇದ್ದ ಅಲ್ಪದೃಷ್ಟಿಯೂ ಹೋಯಿತು. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ನಷ್ಟವುಂಟೆ? ಆದರೆ ಅವರು ಕೆಲಸವನ್ನು ಬಿಡಲಿಲ್ಲ. ಕಾಗದವನ್ನು ಮಡಿಸಿ, ಕತ್ತರಿಸಿ, ಅಂಚನ್ನು ಬೆರಳಿನಿಂದ ಸವರಿ ತಿಳಿದು, ಬಣ್ಣವನ್ನು ನೆನಪಿನಿಂದ ಹೇಳಿ ಕೇಳಿ ಪಡೆದು, ಅಂಟುಚಿತ್ರಗಳನ್ನು ಮಾಡಿದರು. ಅವರ ಶಿಷ್ಯರಾಗಿದ್ದ ಸತ್ಯಜಿತ್ ರಾಯರು ೧೯೭೨ರಲ್ಲಿ ಅವರನ್ನು ಕುರಿತು ತೆಗೆದ ಚಲಚ್ಚಿತ್ರಕ್ಕೆ ‘ಅಂತರ್ದೃಷ್ಟಿ’ ಎಂಬರ್ಥದ ಹೆಸರನ್ನಿಟ್ಟರು. ಪೆನ್ಸಿಲಿನ ಗೆರೆಯು ಅಂಧನ ಬೆರಳಿಗೆ ಸಿಕ್ಕದು. ಕತ್ತರಿಸಿದ ಅಂಚು ಸಿಕ್ಕುವುದು. ಕಾಗದದ ಈ ಗುಣವು ಎಷ್ಟು ದೊಡ್ಡದೆಂಬುದನ್ನು ಕಣ್ಣಿರುವ ನಾವು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ.

‘ನನಗೆ ಚಿತ್ರ ಬರೆಯುವುದಕ್ಕೆ ಬಾರದು’ ಎಂದು ಹೇಳುವವರು ಇಲ್ಲಿ ಆ ಮಾತನ್ನು ಬಿಡಬಹುದು. ಅಂಟುಚಿತ್ರವು ಬೇಡುವುದು ಕೈಯ ಚಳಕಕ್ಕಿಂತ ಹೆಚ್ಚಾಗಿ ಆಯ್ಕೆಯನ್ನು. ಆಯ್ಕೆಗೆ ಸಂಗ್ರಹವು ಬೇಕು. ಎರಡು ಮೂರು ರಟ್ಟಿನ ಪೆಟ್ಟಿಗೆಗಳನ್ನು ಇಟ್ಟುಕೊಂಡು, ಚೂರುಗಳನ್ನು ಅವುಗಳ ಜಾತಿಯಿಂದಲ್ಲ, ಬಣ್ಣದಿಂದ ಬೇರೆಬೇರೆಯಾಗಿ ಹಾಕುತ್ತ ಹೋಗಬೇಕು. ಕೆಂಪಿನ ಪೆಟ್ಟಿಗೆಯಲ್ಲಿ ಲಗ್ನಪತ್ರಿಕೆಯೂ ಬೆಂಕಿಪೆಟ್ಟಿಗೆಯ ಚೀಟಿಯೂ ಹಳೆಯ ಸೀರೆಯ ಸೆರಗೂ ಒಟ್ಟಿಗೆ ಬಿದ್ದಿರಲಿ. ಒಂದು ತಿಂಗಳಿನೊಳಗಾಗಿ ನಿಮಗೆ ಆಶ್ಚರ್ಯವೊಂದು ಕಾದಿರುವುದು. ಕೆಂಪು ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುವ ಬಣ್ಣದಲ್ಲಿ ದಾಳಿಂಬೆ, ಇಟ್ಟಿಗೆ, ಕುಂಕುಮ, ವೀಳ್ಯದ ರಸ ಎಂದು ಹತ್ತಾರು ಬಗೆಗಳು ಒಂದರ ಪಕ್ಕದಲ್ಲೊಂದು ಮಲಗಿರುವುವು.

ಮೊದಲ ಚಿತ್ರಕ್ಕೆ ವಸ್ತುವು ಸರಳವಾಗಿರಲಿ. ದೇವರ ಮುಖ, ಮನುಷ್ಯರ ಮುಖ ಬೇಡ. ಅವು ಅಭ್ಯಾಸವಿಲ್ಲದ ಕೈಗೆ ಬಹುಬೇಗ ಅಣಕವಾಗಿ ಪರಿಣಮಿಸುವುವು. ಅಡುಗೆಯ ಮನೆಯ ಕಿಟಕಿಯಲ್ಲಿಟ್ಟ ಹಿತ್ತಾಳೆಯ ಚೆಂಬೊಂದನ್ನು ತೆಗೆದುಕೊಳ್ಳಿ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಅದರ ಸಣ್ಣಪುಟ್ಟ ವಿವರಗಳೆಲ್ಲವೂ ಮರೆಯಾಗಿ, ಬೆಳಕಿನದೊಂದು, ನಡುಬಣ್ಣದ್ದೊಂದು, ನೆರಳಿನದೊಂದು ಹೀಗೆ ಮೂರು ಆಕಾರಗಳು ಮಾತ್ರ ಉಳಿಯುವುವು. ಬೆಳಕಿಗೆ ಚಹದ ಪೊಟ್ಟಣದ ಒಳಹಾಳೆ, ನಡುಬಣ್ಣಕ್ಕೆ ಪತ್ರಿಕೆಯ ಅರಿಸಿನದ ಕಾಗದ, ನೆರಳಿಗೆ ಅಂಗಡಿಯವನು ಸಾಮಾನು ಕಟ್ಟಿಕೊಟ್ಟ ಕಂದು ಕಾಗದ. ಹಿನ್ನೆಲೆಗೆ ವೃತ್ತಪತ್ರಿಕೆಯ ಸಣ್ಣ ಅಕ್ಷರದ ಪುಟವೊಂದನ್ನು ಹಾಕಿದರೆ ದೂರಕ್ಕೆ ಅದು ಬೂದುಬಣ್ಣದ ಗೋಡೆಯಂತೆ ಕಾಣುವುದು. ಅಂಚನ್ನು ಕತ್ತರಿಯಿಂದಲೂ ಮಾಡಬಹುದು, ಕೈಯಿಂದ ಹರಿದೂ ಮಾಡಬಹುದು. ಬಣ್ಣದ ಅಚ್ಚಿನ ಕಾಗದವನ್ನು ಹರಿದಾಗ ಎರಡು ಹೋಳುಗಳಲ್ಲಿ ಒಂದಕ್ಕೆ ಬಿಳಿಯ ಅಂಚು ಕಟ್ಟುವುದು, ಮತ್ತೊಂದಕ್ಕೆ ಕಟ್ಟದು. ಎಳೆಯುವ ದಿಕ್ಕನ್ನು ಬದಲಿಸಿದರೆ ಇದೂ ಬದಲಾಗುವುದು. ಆ ಬಿಳಿಯ ಅಂಚೇ ಚೆಂಬಿನ ಕಂಠದ ಹೊಳಪಾಗಬಲ್ಲುದು.

ಇನ್ನು ಅಂಟಿನ ವಿಷಯ. ಹೊಸಬರು ತಪ್ಪುವುದೆಲ್ಲ ಇಲ್ಲಿಯೇ. ತುಂಡು ಸಿದ್ಧವಾದೊಡನೆ ಅಂಟಿಸಿಬಿಡಬೇಕೆಂಬ ಆತುರವು ಎಲ್ಲರಿಗೂ ಇರುವುದು. ಮತೀಸನ ಗುಂಡುಸೂಜಿಗಳನ್ನು ಜ್ಞಾಪಕದಲ್ಲಿಟ್ಟುಕೊಳ್ಳಿ. ತುಂಡುಗಳನ್ನೆಲ್ಲ ಒಣಗಿದ್ದಂತೆಯೇ ಹಲಗೆಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೆ ಹುಣಿಸೆಯ ಬೀಜವನ್ನೋ ಹಳೆಯ ನಾಣ್ಯವನ್ನೋ ಇಟ್ಟು, ಒಂದು ರಾತ್ರಿ ಬಿಟ್ಟುಬಿಡಿ. ಬೆಳಗಿನ ಬೆಳಕಿನಲ್ಲಿ ನೋಡಿದಾಗ ಎರಡು ಚೂರುಗಳನ್ನಾದರೂ ಕದಲಿಸಬೇಕೆನ್ನಿಸದಿದ್ದರೆ ನೀವು ಅಸಾಧಾರಣ ವ್ಯಕ್ತಿಗಳು.

ಅಂಟಿಗೆ ಮೈದಾಹಿಟ್ಟಿನ ಸರಿಯು ಅಗ್ಗವಾದದ್ದು, ಒಳ್ಳೆಯದೂ ಹೌದು. ಒಂದು ಪಾಲು ಹಿಟ್ಟನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿಕೊಂಡು, ಐದಾರು ಪಾಲು ನೀರನ್ನು ಸೇರಿಸಿ, ಸಣ್ಣ ಉರಿಯಲ್ಲಿಟ್ಟು ಬಿಡದೆ ತಿರುವಬೇಕು. ನೀರು ಕುದಿಯುವುದಕ್ಕೆ ಮುಂಚೆಯೇ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆಯುವುದರಿಂದ, ಹಾಲಿನಂತಿದ್ದ ದ್ರವವು ಒಮ್ಮೆಲೇ ಮಂದವಾಗಿ ಪಾರದರ್ಶಕವಾಗುವುದು. ಆಗ ಇಳಿಸಿ ಆರಿಸಿಕೊಳ್ಳಬೇಕು. ಪುಸ್ತಕಕ್ಕೆ ರಟ್ಟು ಹಾಕುವವರು ಹುಳು ಹಿಡಿಯದಿರಲೆಂದು ಇದಕ್ಕೆ ಮೈಲುತುತ್ತವನ್ನು ಬೆರಸುವುದುಂಟು. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಅದು ಸರ್ವಥಾ ಕೂಡದು. ಬೇಕಾದಷ್ಟನ್ನೇ ಮಾಡಿಕೊಂಡು, ಮಿಕ್ಕುದನ್ನು ಮಾರನೆಯ ದಿನ ಚೆಲ್ಲಿಬಿಡುವುದೇ ಲೇಸು.

ಸರಿ ಬಳಿದ ಕಾಗದವು ಸೊಟ್ಟಗಾಗುವುದು ಏಕೆಂದು ಅನೇಕರು ಕೇಳುವರು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗಿರುವುವು. ವೃತ್ತಪತ್ರಿಕೆಯನ್ನು ಉದ್ದುದ್ದವಾಗಿಯೂ ಅಡ್ಡಡ್ಡವಾಗಿಯೂ ಹರಿದು ನೋಡಿದರೆ, ಒಂದು ಕಡೆಗೆ ನೇರವಾಗಿಯೂ ಮತ್ತೊಂದು ಕಡೆಗೆ ಅಂಕುಡೊಂಕಾಗಿಯೂ ಸೀಳುವುದರಿಂದ ಇದು ತಿಳಿಯುವುದು. ನೀರು ಕುಡಿದ ನಾರು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚಾಗಿ ಹಿಗ್ಗುವುದು. ಒಣಗುವಾಗ ಕುಗ್ಗುತ್ತ ತನ್ನ ಕೆಳಗಿನ ರಟ್ಟನ್ನೂ ಎಳೆದುಕೊಳ್ಳುವುದು. ಇದಕ್ಕೆ ಪರಿಹಾರವೆಂದರೆ ರಟ್ಟಿನ ಹಿಂಬದಿಗೂ ಅಷ್ಟೇ ದಪ್ಪದ ಕಾಗದವನ್ನು ಅದೇ ದಿಕ್ಕಿನಲ್ಲಿ ಅಂಟಿಸುವುದು. ಎರಡು ಕಡೆಯಿಂದಲೂ ಎಳೆತವು ಸಮವಾದರೆ ರಟ್ಟು ನೆಟ್ಟಗೆ ನಿಲ್ಲುವುದು. ಆಮೇಲೆ ಮೇಲೊಂದು ಶುಭ್ರವಾದ ಬಟ್ಟೆಯನ್ನು ಹಾಸಿ, ದಪ್ಪ ಪುಸ್ತಕಗಳನ್ನು ಹೇರಿ, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಬೇಕು. ನಿಘಂಟುಗಳು ಈ ಕೆಲಸಕ್ಕೆ ಬಹಳ ಪ್ರಶಸ್ತ. ಬಟ್ಟೆಯ ಚೂರನ್ನು ಅಂಟಿಸುವಾಗ ಸರಿಯನ್ನು ಬಟ್ಟೆಗೆ ಬಳಿಯದೆ ರಟ್ಟಿಗೆ ತೆಳ್ಳಗೆ ಬಳಿದು ಬಟ್ಟೆಯನ್ನು ಮೇಲೆ ಒತ್ತಬೇಕು. ಇಲ್ಲದಿದ್ದರೆ ರೇಷ್ಮೆಯ ಮೇಲೆ ಕಲೆಯೆದ್ದು ಕೆಡುವುದು.

ಬಾಳಿಕೆಯ ದೃಷ್ಟಿಯಿಂದ ಎಲ್ಲ ಕಾಗದವೂ ಒಂದೇ ಅಲ್ಲ. ವೃತ್ತಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶವು ಉಳಿದಿರುವುದರಿಂದ ಗಾಳಿ ಬೆಳಕುಗಳಿಗೆ ಹಳದಿಯಾಗಿ ಪೆಡಸಾಗುವುದು. ಆ ಹಳದಿಯು ಬರಲೆಂದೇ ಅದನ್ನು ಹಾಕುವವರೂ ಉಂಟು. ಆದರೆ ಬರುವುದೆಂದು ತಿಳಿದು ಹಾಕಬೇಕು. ಶ್ವಿಟರ್ಸನ ಟ್ರಾಮಿನ ಟಿಕೀಟುಗಳು ನೂರು ವರ್ಷಗಳ ಮೇಲೆಯೂ ಓದುವಂತಿವೆ. ಈಗ ನಮ್ಮ ಬಸ್ಸುಗಳಲ್ಲಿ ಪುಟ್ಟ ಯಂತ್ರದಿಂದ ಹೊರಡುವ ಟಿಕೀಟುಗಳಿಗೆ ಆ ಭಾಗ್ಯವಿಲ್ಲ. ಮಸಿಯಿಲ್ಲದೆ ಕೇವಲ ಶಾಖದಿಂದ ಅಕ್ಷರ ಮೂಡುವ ಕಾಗದವಾದರೆ ಅಕ್ಷರವು ಕೆಲವು ಕಾಲದಲ್ಲಿ ತಾನಾಗಿಯೇ ಮಾಸಿಹೋಗುವುದು. ಚಿತ್ರವನ್ನು ಬಿಸಿಲು ಬೀಳುವ ಗೋಡೆಯಲ್ಲಿ ತೂಗಹಾಕಬಾರದು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಚೌಕಟ್ಟಿನ ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಪಟ್ಟಿಯಷ್ಟು ಎಡೆಯಿರಬೇಕು. ಹಿಟ್ಟಿನ ಸರಿಯೆಂದರೆ ಬೆಳ್ಳಿಹುಳುವಿಗೆ ಹಬ್ಬದೂಟವಾದುದರಿಂದ ವರ್ಷಕ್ಕೊಮ್ಮೆ ಕೆಳಗಿಳಿಸಿ ಹಿಂದುಗಡೆಯನ್ನು ನೋಡಬೇಕು.

ಇಷ್ಟೆಲ್ಲ ತಿಳಿದವರೂ ತಪ್ಪುವುದುಂಟು. ನಮ್ಮಿಂದಲೇ ಆದ ಒಂದು ತಪ್ಪನ್ನು ಹೇಳಬೇಕಾಗಿದೆ. ನಮ್ಮ ಮಾತಾಮಹರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಹಳೆಯ ಲಕ್ಕೋಟೆಗಳು, ರಶೀತಿಗಳು, ಪಂಚಾಂಗಗಳು, ಅವರೇ ಬರೆದ ಒಂದು ಕಾರ್ಡು ದೊರೆತುವು. ಆ ಕಾರ್ಡನ್ನು ಅವರು ನಮ್ಮ ಚಿಕ್ಕಮ್ಮನಿಗೆ, ಆಕೆಯು ಮದುವೆಯಾಗಿ ಗಂಡನ ಮನೆಗೆ ಹೋದ ಹೊಸದರಲ್ಲಿ ಬರೆದದ್ದು. ಹೇಗೋ ಅದು ತಿರುಗಿ ಅವರ ಪೆಟ್ಟಿಗೆಯನ್ನೇ ಸೇರಿತ್ತು. ಇವುಗಳನ್ನೆಲ್ಲ ಕೂಡಿಸಿ ಅವರ ನೆನಪಿಗೆ ಒಂದು ಅಂಟುಚಿತ್ರವನ್ನು ಮಾಡಿದೆವು. ಕಾರ್ಡಿನ ವಿಳಾಸದ ಬದಿಯು ಅಂಚೆಯ ಮುದ್ರೆಯಿಂದಲೂ ಮಾಸಿದ ಬಣ್ಣದಿಂದಲೂ ಬಹಳ ಸೊಗಸಾಗಿತ್ತು. ಅದನ್ನು ಮೇಲೆ ಮಾಡಿ, ಒಕ್ಕಣೆಯ ಬದಿಗೆ ಸರಿಯನ್ನು ಬಳಿದು ಅಂಟಿಸಿದೆವು. ಆ ಒಕ್ಕಣೆಯನ್ನು ನಾವು ಓದಿರಲಿಲ್ಲ. ಬಣ್ಣವನ್ನು ನೋಡಬೇಕು, ಉಪಯೋಗವನ್ನು ಮರೆಯಬೇಕು ಎಂದು ಮೇಲೆ ಹೇಳಿದೆವಷ್ಟೆ. ಆ ಉಪದೇಶವನ್ನು ಮಿತಿಮೀರಿ ಪಾಲಿಸಿದವರು ನಾವೇ.

ಎರಡು ವರ್ಷಗಳ ತರುವಾಯ ಚಿಕ್ಕಮ್ಮನು ಮನೆಗೆ ಬಂದು ಗೋಡೆಯ ಮುಂದೆ ಬಹಳ ಹೊತ್ತು ನಿಂತು, ‘ಅದರ ಹಿಂದೆ ಅಪ್ಪ ಏನು ಬರೆದಿದ್ದ?’ ಎಂದು ಕೇಳಿದಳು. ಆಕೆಗೆ ಅದು ಮರೆತಿತ್ತು.

ಹಿಟ್ಟಿನ ಸರಿಯು ನೀರಿಗೆ ಬಿಡುವುದು. ಅದರ ದೊಡ್ಡ ಗುಣವೇ ಅದು. ಪೇಟೆಯಲ್ಲಿ ದೊರೆಯುವ ಬಿಳಿಯ ಅಂಟಾಗಿದ್ದರೆ ಆ ಆಸೆಯೂ ಇರುತ್ತಿರಲಿಲ್ಲ. ಚಿತ್ರವನ್ನು ಇಳಿಸಿ, ಒದ್ದೆಯ ಒತ್ತುಕಾಗದವನ್ನು ಕಾರ್ಡಿನ ಮೇಲೆ ಹರಡಿ, ಅರ್ಧ ಗಂಟೆ ಬಿಟ್ಟು, ತೆಳ್ಳಗಿನ ಚಾಕುವಿನಿಂದ ಮೂಲೆಯನ್ನು ಎತ್ತಿದೆವು. ಕಾರ್ಡು ಹರಿಯದೆ ಎದ್ದು ಬಂದಿತು. ಆದರೆ ಬರೆದಿದ್ದ ಮಸಿಯು ನೀರಿನಲ್ಲಿ ಕರಗುವ ಜಾತಿಯದು. ಹನ್ನೆರಡು ಸಾಲುಗಳಿದ್ದ ಕಡೆಯಲ್ಲಿ ನೀಲಿಯ ಮೋಡವೊಂದು ಹರಡಿತ್ತು. ಮೇಲಿನ ಸಾಲಿನ ‘ಚಿ. ಸೌ.’ ಎಂಬುದೂ, ಕೆಳಗೆ ಒಂದೆಡೆ ‘ಬಾ’ ಎಂಬ ಒಂದಕ್ಷರವೂ ಮಾತ್ರ ಓದುವಂತಿದ್ದುವು.

ಈಗ ನಾವು ಕೈಬರಹದ ಕಾಗದವೇನಾದರೂ ಬಂದರೆ ಎರಡು ಬದಿಯನ್ನೂ ಓದಿ, ಪ್ರತಿಯನ್ನು ತೆಗೆಸಿ, ಆ ಪ್ರತಿಯನ್ನು ಕತ್ತರಿಸುವೆವು. ಮೂಲವು ಲಕ್ಕೋಟೆಯಲ್ಲಿ ಚಿತ್ರದ ಬೆನ್ನಿಗೇ ಸೇರಿರುವುದು. ಅಂಗಡಿಯಲ್ಲಿ ತೆಗೆಸಿದ ಪ್ರತಿಯ ಮಸಿಯು ನೀರಿಗೆ ಕರಗದು. ಕಾಗದವು ತೀರ ಬಿಳಿಯದಾಗಿ ಕಂಡರೆ ತೆಳ್ಳನೆಯ ಚಹದ ಕಷಾಯದಲ್ಲಿ ಅದ್ದಿ ಒಣಗಿಸಿದಲ್ಲಿ ಹಳೆಯ ಕಾಗದದ ಬಣ್ಣವು ಬರುವುದು. ಆ ಹಳೆಯ ಚಿತ್ರದಲ್ಲಿ ಕಾರ್ಡಿದ್ದ ಜಾಗವನ್ನು ಮತ್ತಾವುದರಿಂದಲಾದರೂ ತುಂಬಲೆ ಎಂದು ಚಿಕ್ಕಮ್ಮನನ್ನು ಕೇಳಿದ್ದಕ್ಕೆ, ಆಕೆಯು ಅದೇ ಕಾರ್ಡನ್ನು ತಿರುಗಿಸಿ, ಮೋಡದಂತಿರುವ ಬದಿಯು ಹೊರಗೆ ಬರುವಂತೆ, ನಾಲ್ಕು ಮೂಲೆಗಳನ್ನು ಮಾತ್ರ ಸಿಕ್ಕಿಸಿ ಇಡೆಂದಳು. ಅದು ಹಾಗೆಯೇ ಇದೆ.